ಮೈನಸ್ ಆರು ಇ.ವಿ.: ಯಾವ ಲೆನ್ಸಿನಲ್ಲಿ?

ಮಿರರ್‌ಲೆಸ್ ಕ್ಯಾಮೆರಾಗಳ ವಿವರಪಟ್ಟಿಯಲ್ಲಿ ಒಂದು ಅಂಕಿ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ. ಎಷ್ಟು ಕತ್ತಲೆಯವರೆಗೆ ಕ್ಯಾಮೆರಾ ತಾನಾಗಿ ಫೋಕಸ್ ಮಾಡಬಲ್ಲದು ಎಂಬುದನ್ನು ಅದು ಹೇಳುತ್ತದೆ. 2018ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್ ಕ್ಯಾಮೆರಾಗೆ ಈ ಅಂಕಿ ಮೈನಸ್ 6 ಇ.ವಿ. ಅದೇ ವರ್ಷದ ಸೋನಿ ಎ7 ಮೂರನೆಯ ಆವೃತ್ತಿಗೆ ಮೈನಸ್ 3. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದವರು ಮೊದಲನೆಯದು ಎಂಟು ಪಟ್ಟು ಹೆಚ್ಚು ಕತ್ತಲೆಯಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿಯುತ್ತಾರೆ. ಅನೇಕ ವಿಮರ್ಶೆಗಳೂ ಹಾಗೆಯೇ ಬರೆಯುತ್ತವೆ. ಈ ತೀರ್ಮಾನ ಭೌತವಿಜ್ಞಾನದ ದೃಷ್ಟಿಯಿಂದ ಸರಿಯಲ್ಲ. ಹಳೆಯ ಲೆನ್ಸನ್ನು ಅಡಾಪ್ಟರ್ ಮೂಲಕ ಜೋಡಿಸಿ ಬಳಸುವವರಿಗಂತೂ ಅದು ದಾರಿ ತಪ್ಪಿಸುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇದು ಬರಿಯ ಅಂಗಡಿಯ ಚರ್ಚೆಯಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಾಡಿನಲ್ಲಿ ಕಪ್ಪೆಗಳು ಕೂಗುವುದು ರಾತ್ರಿಯಲ್ಲಿ. ಹೆಗ್ಗೋಡಿನ ನೀನಾಸಂ ರಂಗಮಂದಿರದಲ್ಲಿ ನಾಟಕದ ಅನೇಕ ದೃಶ್ಯಗಳು ಮಂದ ಬೆಳಕಿನಲ್ಲೇ ನಡೆಯುತ್ತವೆ. ಕಣ್ಣು, ಕಾಲ್ಬೆರಳು, ಚರ್ಮದ ಗುರುತು ಸ್ಪಷ್ಟವಾಗಿಲ್ಲದ ಕಪ್ಪೆಯ ಚಿತ್ರದಿಂದ ಪ್ರಭೇದವನ್ನು ಗುರುತಿಸುವುದು ಕಷ್ಟ. ಆ ರಾತ್ರಿಯ ದಾಖಲೆ ವ್ಯರ್ಥವಾದಂತೆ. ಹೊಸ ಕ್ಯಾಮೆರಾ ಕೊಂಡು, ಲೆನ್ಸಿಗೆ ಹಣವಿಲ್ಲದೆ ಹಳೆಯದನ್ನೇ ಜೋಡಿಸುವ ಅಧ್ಯಾಪಕ ಅಥವಾ ವಿದ್ಯಾರ್ಥಿಗೆ ಆ ಅಂಕಿಯ ನಿಜವಾದ ಅರ್ಥ ತಿಳಿದಿರಬೇಕು.

ಅಂಕಿಯ ಹಿಂದಿನ ಷರತ್ತು

ಐಎಸ್ಒ 100ರಲ್ಲಿ 0 ಇ.ವಿ. ಎಂದರೆ ಸುಮಾರು 2.5 ಲಕ್ಸ್ ಬೆಳಕು. ಇ.ವಿ. ಒಂದೊಂದು ಇಳಿದಂತೆ ಬೆಳಕು ಅರ್ಧವಾಗುತ್ತದೆ. ಆದ್ದರಿಂದ ಮೈನಸ್ 6 ಇ.ವಿ. ಎಂದರೆ ಸುಮಾರು 0.04 ಲಕ್ಸ್. ನೆತ್ತಿಯ ಮೇಲಿನ ಹುಣ್ಣಿಮೆಯ ಚಂದ್ರ ಕೊಡುವುದು ಸುಮಾರು 0.2 ಲಕ್ಸ್. ಬೆಳದಿಂಗಳಿಗಿಂತ ಐದು ಪಟ್ಟು ಮಬ್ಬಿನಲ್ಲೂ ಕ್ಯಾಮೆರಾ ಫೋಕಸ್ ಮಾಡುತ್ತದೆ ಎಂದಾಯಿತು!

ಆದರೆ ವಿವರಪಟ್ಟಿಯ ಸಣ್ಣಕ್ಷರಗಳನ್ನು ಓದಬೇಕು. ಕ್ಯಾನನ್ ತನ್ನ ಅಂಕಿಯನ್ನು ಎಫ್/1.2 ಲೆನ್ಸ್, ನಡುವಿನ ಫೋಕಸ್ ಬಿಂದು, ಒಂದೇ ಬಾರಿಯ ಫೋಕಸ್, 23 ಡಿಗ್ರಿ ಸೆಲ್ಸಿಯಸ್ ಎಂಬ ಷರತ್ತುಗಳೊಂದಿಗೆ ಕೊಡುತ್ತದೆ. ಸೋನಿಯ ಅಂಕಿ ಎಫ್/2 ಲೆನ್ಸಿನದು. ಸಂವೇದಕದ ಮೇಲೆ ಬೀಳುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಎಫ್/1.2 ಲೆನ್ಸ್ ಎಫ್/2 ಲೆನ್ಸಿಗಿಂತ ಸುಮಾರು 2.8 ಪಟ್ಟು, ಅಂದರೆ ಒಂದೂವರೆ ಇ.ವಿ.ಯಷ್ಟು, ಹೆಚ್ಚು ಬೆಳಕನ್ನು ಕೊಡುತ್ತದೆ. ಎರಡೂ ಕಂಪನಿಗಳ ಅಂಕಿಗಳನ್ನು ಒಂದೇ ಲೆನ್ಸಿನ ಮಟ್ಟಕ್ಕೆ ತಂದರೆ ಮೂರು ಇ.ವಿ. ಅಂತರದಲ್ಲಿ ಅರ್ಧ ಭಾಗ ಕರಗಿಹೋಗುತ್ತದೆ. ಅದು ಕ್ಯಾಮೆರಾದ ಗುಣವಾಗಿರಲಿಲ್ಲ, ಲೆನ್ಸಿನ ಗುಣವಾಗಿತ್ತು.

ಈಗ ಅದೇ ಕ್ಯಾನನ್ ಕ್ಯಾಮೆರಾಗೆ ಎಫ್/5.6 ಝೂಮ್ ಲೆನ್ಸನ್ನು ಹಾಕೋಣ. 5.6ನ್ನು 1.2ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 22. ಸಂವೇದಕಕ್ಕೆ ಮೊದಲಿನಷ್ಟೇ ಬೆಳಕು ಬೇಕಾದರೆ ದೃಶ್ಯದಲ್ಲಿ 22 ಪಟ್ಟು ಬೆಳಕಿರಬೇಕು. 0.04 ಲಕ್ಸ್ ಇದ್ದ ಮಿತಿ 0.85 ಲಕ್ಸ್ ಆಯಿತು, ಅಂದರೆ ಹುಣ್ಣಿಮೆಯ ಬೆಳಕಿನ ನಾಲ್ಕು ಪಟ್ಟು. ಮೈನಸ್ 6 ಎಂಬುದು ಮೈನಸ್ ಒಂದೂವರೆಗೆ ಬಂದು ನಿಂತಿತು. ಈ ಲೆಕ್ಕವೂ ಸಾಧಾರಣ ಪ್ರತಿಫಲನವುಳ್ಳ ವಸ್ತುವಿಗೆ. ಮಳೆಯಲ್ಲಿ ನೆನೆದ ಕಪ್ಪು ತೊಗಟೆಯ ಮೇಲೆ ಕುಳಿತ ಕಂದು ಕಪ್ಪೆಗೆ ಇನ್ನೂ ಹೆಚ್ಚು ಬೆಳಕು ಬೇಕು.

ಫೋಕಸ್ ಹೇಗೆ ತಿಳಿಯುತ್ತದೆ?

ಇಂದಿನ ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಚಿತ್ರ ತೆಗೆಯುವ ಸಂವೇದಕವೇ ಫೋಕಸನ್ನೂ ಅಳೆಯುತ್ತದೆ. ಕೆಲವು ಪಿಕ್ಸೆಲ್‌ಗಳು ಲೆನ್ಸಿನ ಎಡಭಾಗದಿಂದ ಬಂದ ಬೆಳಕನ್ನೂ ಕೆಲವು ಬಲಭಾಗದ ಬೆಳಕನ್ನೂ ನೋಡುತ್ತವೆ. ಕ್ಯಾನನ್ 2013ರ 70ಡಿ ಕ್ಯಾಮೆರಾದಲ್ಲಿ ತಂದ ವಿಧಾನದಲ್ಲಿ ಒಂದೊಂದು ಪಿಕ್ಸೆಲ್ಲೇ ಎರಡು ಭಾಗವಾಗಿರುತ್ತದೆ. ಮುಂದೆ ಚಾಚಿದ ಬೆರಳನ್ನು ಒಂದೊಂದೇ ಕಣ್ಣಿನಿಂದ ನೋಡಿದಾಗ ಹಿನ್ನೆಲೆ ಸರಿದಂತೆ ಕಾಣುವುದಲ್ಲವೇ? ಹಾಗೆಯೇ ಫೋಕಸ್ ತಪ್ಪಿದಾಗ ಎಡ, ಬಲದ ಎರಡು ಬಿಂಬಗಳು ಪರಸ್ಪರ ಸರಿಯುತ್ತವೆ. ಸರಿದ ದಿಕ್ಕು ಮತ್ತು ದೂರದಿಂದ ಲೆನ್ಸನ್ನು ಯಾವ ಕಡೆಗೆ, ಎಷ್ಟು ಚಲಿಸಬೇಕೆಂದು ತಿಳಿಯುತ್ತದೆ.

ದ್ಯುತಿರಂಧ್ರ ಕಿರಿದಾದರೆ ಈ ಎರಡು 'ಕಣ್ಣು'ಗಳು ಹತ್ತಿರ ಬರುತ್ತವೆ. ಬಿಂಬಗಳ ಸರಿತ ಕಡಿಮೆಯಾಗುತ್ತದೆ. ಎಫ್/2ರಿಂದ ಎಫ್/5.6ಕ್ಕೆ ಹೋದರೆ ಸರಿತ 2.8 ಪಟ್ಟು ಕಿರಿದಾಗುತ್ತದೆ. ಅದೇ ಪ್ರಮಾಣದಲ್ಲಿ ಫೋಕಸಿನ ಸಹನೆಯೂ ಹೆಚ್ಚುವುದರಿಂದ ಹಗಲಿನಲ್ಲಿ ಇದು ದೊಡ್ಡ ತೊಂದರೆಯಲ್ಲ. ತೊಂದರೆ ಬರುವುದು ಫೋಟಾನ್‌ಗಳ ಕೊರತೆಯಿಂದ. ಬೆಳಕು ಎಂಟನೆಯ ಒಂದಕ್ಕೆ ಇಳಿದಾಗ ಸಂಕೇತ ಮತ್ತು ಗದ್ದಲಗಳ ಅನುಪಾತ ಎಂಟರ ವರ್ಗಮೂಲದಷ್ಟು, ಅಂದರೆ 2.8 ಪಟ್ಟು ಕುಸಿಯುತ್ತದೆ. ಅದನ್ನು ಸರಿದೂಗಿಸಲು ಎಂಟು ಪಟ್ಟು ಹೆಚ್ಚು ಹೊತ್ತು ಬೆಳಕನ್ನು ಕೂಡಿಸಬೇಕು. ಅಷ್ಟರಲ್ಲಿ ನಟ ಹೆಜ್ಜೆ ಬದಲಿಸಿರುತ್ತಾನೆ.

ಅಡಾಪ್ಟರ್ ಏನು ಮಾಡುತ್ತದೆ, ಏನು ಮಾಡದು

ಕ್ಯಾನನ್ ಇಎಫ್ ಲೆನ್ಸಿನ ಹಿಂಭಾಗದಿಂದ ಸಂವೇದಕಕ್ಕೆ 44 ಮಿ.ಮೀ. ಅಂತರವಿರಬೇಕು. ಸೋನಿಯ ಇ ಮೌಂಟಿನಲ್ಲಿ ಅದು 18 ಮಿ.ಮೀ. ನಡುವಿನ 26 ಮಿ.ಮೀ.ಯನ್ನು ತುಂಬುವ ಕೊಳವೆಯೇ ಅಡಾಪ್ಟರ್. ಸಾಮಾನ್ಯ ಅಡಾಪ್ಟರಿನಲ್ಲಿ ಗಾಜಿಲ್ಲ. ಆದ್ದರಿಂದ ಅದು ಬೆಳಕನ್ನು ಕಡಿಮೆ ಮಾಡುವುದಿಲ್ಲ. ಕತ್ತಲೆಯಲ್ಲಿ ಫೋಕಸ್ ಸೋತರೆ ದೋಷವನ್ನೆಲ್ಲ ಅಡಾಪ್ಟರಿನ ಮೇಲೆ ಹೊರಿಸುವುದೂ ಸರಿಯಲ್ಲ.

ಆದರೆ ಸಂಭಾಷಣೆಯಲ್ಲಿ ವ್ಯತ್ಯಾಸವಿದೆ. ಒಂದೇ ಕಂಪನಿಯ ಅಡಾಪ್ಟರಿನಲ್ಲಿ ಕ್ಯಾಮೆರಾ ಮತ್ತು ಲೆನ್ಸ್ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. ಬೇರೆ ಕಂಪನಿಯ ಲೆನ್ಸಿಗೆ ದುಭಾಷಿ ಬೇಕು. ಸಿಗ್ಮಾ 2016ರಲ್ಲಿ ತಂದ ಎಂಸಿ-11 ಅಡಾಪ್ಟರ್ ತನ್ನದೇ ಲೆನ್ಸ್‌ಗಳಿಗಾಗಿ ಎಂದು ಆ ಕಂಪನಿಯೇ ಹೇಳಿತ್ತು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರಿಲ್ಲ. ಆದ್ದರಿಂದ ಕ್ಯಾಮೆರಾದೊಳಗಿನ ಮೋಟಾರನ್ನು ನಂಬಿದ ಹಳೆಯ ಡಿ ಮಾದರಿಯ 50 ಮಿ.ಮೀ. ಎಫ್/1.8 ಲೆನ್ಸ್ ಅದರಲ್ಲಿ ತಾನಾಗಿ ಫೋಕಸ್ ಮಾಡುವುದೇ ಇಲ್ಲ. ಅಲ್ಲಿ ಇ.ವಿ. ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ಇನ್ನೊಂದು ಅಂಶ ಮೋಟಾರಿನದು. ಬೆಳಕು ಸಾಲದಿದ್ದಾಗ ಅನೇಕ ಕ್ಯಾಮೆರಾಗಳು ಲೆನ್ಸನ್ನು ಹಿಂದೆ ಮುಂದೆ ಚಲಿಸಿ, ಬಿಂಬ ಅತಿ ಸ್ಪಷ್ಟವಾಗುವ ಸ್ಥಾನವನ್ನು ಹುಡುಕುತ್ತವೆ. ಹಳೆಯ ಲೆನ್ಸ್‌ಗಳ ಮೋಟಾರುಗಳು ಹೇಳಿದ ಜಾಗಕ್ಕೆ ಒಂದೇ ನೆಗೆತದಲ್ಲಿ ಹೋಗಲು ರೂಪಿಸಿದವು. ಸಣ್ಣ ಸಣ್ಣ ಹೆಜ್ಜೆ ಇಡಲು ಅಲ್ಲ. ಹುಡುಕಾಟ ಮುಗಿಯದೇ ಹೋಗುವುದಕ್ಕೆ ಇದೊಂದು ಕಾರಣ.

ತರಗತಿಯಲ್ಲೇ ಪರೀಕ್ಷೆ

ಇವನ್ನೆಲ್ಲ ವಿವರಪಟ್ಟಿ ಹೇಳುವುದಿಲ್ಲವಾದರೆ ನಾವೇ ಅಳೆಯಬಹುದು. ಕಿಟಕಿ ಮುಚ್ಚಿದ ಕೋಣೆಯ ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ. ಅಂಗಡಿಯಲ್ಲಿ 'ಸೊನ್ನೆ ವ್ಯಾಟ್' ಎಂದು ಕೇಳಿದರೆ ಸಿಗುವ ಬಲ್ಬನ್ನು ಅದರಿಂದ 1 ಮೀಟರ್ ದೂರದಲ್ಲಿಡಿ. ದೂರವನ್ನು 1.4, 2, 2.8, 4 ಮೀಟರಿಗೆ ಹೆಚ್ಚಿಸುತ್ತ ಹೋದರೆ ವಿಲೋಮ ವರ್ಗ ನಿಯಮದಂತೆ ಪ್ರತಿ ಹೆಜ್ಜೆಗೂ ಬೆಳಕು ಒಂದು ಇ.ವಿ.ಯಷ್ಟು ಕಡಿಮೆಯಾಗುತ್ತದೆ. ಗೋಡೆಗಳಿಂದ ಬೆಳಕು ಮರಳಿ ಬೀಳದಂತೆ ಕಪ್ಪು ಬಟ್ಟೆ ಕಟ್ಟಿದರೆ ಒಳ್ಳೆಯದು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಒಂದೇ ಜಾಗದಲ್ಲಿರಲಿ.

ಪ್ರತಿ ದೂರದಲ್ಲೂ ಲೆನ್ಸನ್ನು ಪೂರ್ತಿ ಫೋಕಸ್ ತಪ್ಪಿಸಿ, ಇಪ್ಪತ್ತು ಬಾರಿ ಪ್ರಯತ್ನಿಸಿ. ಪರದೆಯ ಹಸಿರು ಚೌಕವನ್ನು ನಂಬಬೇಡಿ. ಚಿತ್ರವನ್ನು ಹಿಗ್ಗಿಸಿ, ಅಕ್ಷರ ಓದಲು ಬರುವುದೇ ನೋಡಿ. ಇಪ್ಪತ್ತರಲ್ಲಿ ಎಷ್ಟು ಸರಿ, ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಬರೆದುಕೊಳ್ಳಿ. ಕೊನೆಗೆ ಹಾಳೆಯನ್ನು ತೆಗೆದು ಅಡ್ಡಗೆರೆಗಳ ಕಾಗದ ಅಂಟಿಸಿ. ಎಡ-ಬಲ ಸರಿತವನ್ನು ಮಾತ್ರ ನೋಡುವ ಸಂವೇದಕಕ್ಕೆ ಅಡಿಕೆ ಮರದ ನೇರ ಕಾಂಡ ಸುಲಭ, ಹೆಂಚಿನ ಮನೆಯ ಸೂರಿನ ಅಡ್ಡ ಅಂಚು ಕಷ್ಟ. ಕ್ಯಾಮೆರಾವನ್ನು ಅಡ್ಡ ತಿರುಗಿಸಿದರೆ ಫಲಿತಾಂಶ ಬದಲಾಗುವುದೇ ಎಂಬುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಶ್ನೆ.

ಕೊಳ್ಳುವವರಿಗೆ ಈ ವಿವೇಚನೆಯಿಂದ ಸಿಗುವ ಸಲಹೆ ಸರಳ. ಎಫ್/5.6 ಝೂಮ್ ಲೆನ್ಸಿಗಿಂತ ಸಾಧಾರಣ ಬೆಲೆಯ ಎಫ್/1.8 ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ. ಹಣ ಒಂದಕ್ಕೇ ಸಾಕಾಗುವುದಾದರೆ ಅದು ಮೊದಲು ಲೆನ್ಸಿಗೆ ಹೋಗಲಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಂಬಗಳಂತಹ ಅಲುಗದ ವಸ್ತುಗಳಿಗೆ ಸ್ಟ್ಯಾಂಡ್, ಹಿಗ್ಗಿಸಿದ ಪರದೆ ಮತ್ತು ಕೈಯ ಫೋಕಸ್ ಸಾಕು. ಅಲ್ಲಿ ಯಾವ ಅಡಾಪ್ಟರಿಗೂ ಬುದ್ಧಿ ಬೇಕಿಲ್ಲ.

ತಯಾರಕರು ಸುಳ್ಳು ಹೇಳಿದ್ದಾರೆಂದು ಇದರ ಅರ್ಥವಲ್ಲ. ಷರತ್ತುಗಳನ್ನು ಅವರು ಅಚ್ಚು ಹಾಕಿದ್ದಾರೆ. ಆದರೆ ಅಂಕಿಗೆ ದೊಡ್ಡ ಅಕ್ಷರ, ಷರತ್ತಿಗೆ ಸಣ್ಣಕ್ಷರ. ವಿಮರ್ಶಕರು ಅಂಕಿಯನ್ನು ಮಾತ್ರ ಎತ್ತಿಕೊಂಡು ಷರತ್ತನ್ನು ಕೈಬಿಡುತ್ತಾರೆ. ಉಷ್ಣತೆ ಹೇಳದೆ ಲೋಹದ ರೋಧವನ್ನು ಬರೆದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಲೆನ್ಸ್ ಹೇಳದೆ ಇ.ವಿ. ಬರೆಯುವ ವಿಮರ್ಶೆಗೂ ಅದೇ ನಿಯಮ ಸಲ್ಲಬೇಕು.