ಬೆಲೆ ಬರುತ್ತದೆ, ಆವಕ ಬರುವುದಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಕೊಬ್ಬರಿ ಧಾರಣೆ ಎಷ್ಟು? 2012ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ, ಡೇಟಾ.ಗವ್.ಇನ್, ಮಾರುಕಟ್ಟೆಗಳ ದೈನಂದಿನ ಬೆಲೆಯನ್ನು ಎಪಿಐ ಮೂಲಕ ಒದಗಿಸುತ್ತದೆ. ಎಪಿಐ ಎಂದರೆ ಒಂದು ತಂತ್ರಾಂಶವು ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ನಿಗದಿತ ವಿಧಾನ. ದತ್ತಾಂಶ ಜೋಡಿಸುವ ತಂತ್ರಾಂಶದಲ್ಲಿ ಎಪಿಐ ವಿಳಾಸ, ನೋಂದಾಯಿಸಿ ಪಡೆದ ಕೀಲಿ, ಬೇಕಾದ ರಾಜ್ಯ ಮತ್ತು ಸರಕಿನ ಹೆಸರು ನಮೂದಿಸಿದರೆ ಸಾಕು. ಪ್ರತಿ ಮಾರುಕಟ್ಟೆಯ ಕನಿಷ್ಠ, ಗರಿಷ್ಠ ಹಾಗೂ ಬಹುಲಕ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಬರುತ್ತದೆ. ಈ ಸರಳತೆ ಮೆಚ್ಚತಕ್ಕದ್ದು.

ಆದರೆ ಈ ಸಾಲುಗಳಲ್ಲಿ ಆವಕದ ಪ್ರಮಾಣವೇ ಇಲ್ಲ. ಇದು ಸಣ್ಣ ಕೊರತೆಯಲ್ಲ. ಒಂದು ಮಾರುಕಟ್ಟೆಯಲ್ಲಿ 100 ಕ್ವಿಂಟಲ್ ಉಂಡೆ ಕೊಬ್ಬರಿ 12,000 ರೂ.ನಂತೆ, ಮತ್ತೊಂದರಲ್ಲಿ 10 ಕ್ವಿಂಟಲ್ 13,000 ರೂ.ನಂತೆ ಮಾರಾಟವಾಯಿತೆಂದು ಲೆಕ್ಕಕ್ಕಾಗಿ ಭಾವಿಸೋಣ. ಬೆಲೆಗಳ ಸರಳ ಸರಾಸರಿ 12,500 ರೂ. ಪ್ರಮಾಣವನ್ನೂ ಸೇರಿಸಿದರೆ ಸರಾಸರಿ ಸುಮಾರು 12,091 ರೂ. ಮಾತ್ರ. 2025ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ 12,100 ರೂ. ಮೊದಲ ಲೆಕ್ಕದಲ್ಲಿ ರೈತ ಗೆದ್ದ, ಎರಡನೆಯದರಲ್ಲಿ ಸೋತ!

ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಬೆಲೆಯೊಂದಿಗೆ ಆವಕವೂ ಸಿಗುತ್ತದೆ. ಅದನ್ನು ಎಪಿಐಗೂ ಸೇರಿಸುವುದು ಕಷ್ಟವಾಗಲಾರದು. ಅಲ್ಲಿಯವರೆಗೆ, ಈ ಮೂಲವನ್ನು ಬಳಸುವ ವಿದ್ಯಾರ್ಥಿಗಳು ಎರಡು ಎಚ್ಚರ ವಹಿಸಲಿ: ಹರಾಜಿಲ್ಲದ ದಿನದ ಖಾಲಿ ಜಾಗವನ್ನು ಸೊನ್ನೆ ಎಂದು ಓದಬಾರದು, ಆವಕ ತಿಳಿಯದೆ ಹಲವು ಮಾರುಕಟ್ಟೆಗಳ ಸರಾಸರಿ ತೆಗೆಯಬಾರದು.