ಮೂಲಪಾಠವೂ ಸಿದ್ಧಪ್ರತಿಯೂ: ಚಿಪ್ ವಿನ್ಯಾಸದ ಮುಕ್ತ ತಂತ್ರಾಂಶಗಳನ್ನು ಕುರಿತು

ಇತಿಹಾಸದ ಅಧ್ಯಾಪಕನು ಚಿಪ್ ವಿನ್ಯಾಸವನ್ನು ಕುರಿತು ಬರೆಯುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಪ್ರಕೃತ ವಿಷಯದ ಮುಖ್ಯ ಪ್ರಶ್ನೆಯು ನಮಗೆ ಹೊಸದಲ್ಲ. ಆದಿತ್ಯನಗರದ ಸಿಮೆಂಟು ಕಾರ್ಖಾನೆಗೆ ಸಮೀಪದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಆ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿ ಅಚ್ಚಿಗೆ ತಂದರು. ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಮುಂದೆ ಬಹುಕಾಲ ನಡೆಯಿತು. ಪಾಠವು ಎಲ್ಲರ ಕೈಗೂ ದೊರೆತುದರಿಂದಲೇ ಆ ಚರ್ಚೆ ಬೆಳೆಯಿತು. ಚಿಪ್ ವಿನ್ಯಾಸದ ತಂತ್ರಾಂಶಗಳಲ್ಲಿಯೂ ಕೇಳಬೇಕಾದುದು ಇದೇ: ಮೂಲಪಾಠವು ಯಾರ ಕೈಯಲ್ಲಿದೆ?

ಈ ತಂತ್ರಾಂಶಗಳು ಎರಡು ಬಗೆಯವು. ಕಂಪನಿಗಳು ಪರವಾನಗಿಯ ಮೇಲೆ ಕೊಡುವವು ಒಂದು ಬಗೆ. ಅವುಗಳ ಒಳಗನ್ನು ನೋಡುವಂತಿಲ್ಲ. ಮೂಲಸಂಕೇತವನ್ನೇ ಬಹಿರಂಗವಾಗಿಟ್ಟವು ಇನ್ನೊಂದು ಬಗೆ. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ರಚಿಸಿದ ಮ್ಯಾಜಿಕ್ ಇಂದಿಗೂ ಬಳಕೆಯಲ್ಲಿದೆ. ವೆರಿಲಾಗ್ ಭಾಷೆಯಲ್ಲಿ ಬರೆದ ವಿವರಣೆಯನ್ನು ಲಾಜಿಕ್ ಗೇಟುಗಳ ಜಾಲವಾಗಿ ಮಾರ್ಪಡಿಸುವುದು ಯೋಸಿಸ್. ಆ ಗೇಟುಗಳಿಗೆ ಸ್ಥಾನವನ್ನು ಗೊತ್ತುಮಾಡಿ ತಂತಿಗಳ ದಾರಿಯನ್ನು ಹಾಕುವುದು 2018ರಲ್ಲಿ ಆರಂಭವಾದ ಓಪನ್‌ರೋಡ್. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 130 ನ್ಯಾನೋಮೀಟರ್ ತಯಾರಿಕೆಯ ನಿಯಮಗಳನ್ನು ಪ್ರಕಟಿಸಿದುದರಿಂದ, ವಿವರಣೆಯಿಂದ ನಕ್ಷೆಯವರೆಗಿನ ದಾರಿಯೆಲ್ಲ ಬಹಿರಂಗವಾಯಿತು.

ಇಷ್ಟು ಪ್ರಶಂಸೆ ಸಲ್ಲತಕ್ಕುದೇ. ಆದರೆ ಮೂಲವು ಮುಕ್ತವೆಂದ ಮಾತ್ರಕ್ಕೆ ಸುಗಮವೆಂದಾಗದು. ಯೋಸಿಸ್ಸನ್ನು ಮೂಲದಿಂದ ಕಟ್ಟುವವನು ಬೈಸನ್, ಫ್ಲೆಕ್ಸ್ ಮೊದಲಾದ ಸಾಧನಗಳನ್ನು ಮುಂಚೆಯೇ ಕೂಡಿಸಬೇಕು. ಬರ್ಕ್ಲಿಯ ಎಬಿಸಿ ಎಂಬ ತಂತ್ರಾಂಶವನ್ನೂ ಜೊತೆಗೆ ತರಬೇಕು. ಕಡಿಮೆ ಮೆಮೊರಿಯ ಗಣಕದಲ್ಲಿ ಓಪನ್‌ರೋಡಿನ ಹಲವು ಕಡತಗಳನ್ನು ಏಕಕಾಲಕ್ಕೆ ಕಂಪೈಲ್ ಮಾಡಹೊರಟರೆ ಕೆಲಸವು ನಡುವೆಯೇ ನಿಂತುಹೋಗಬಹುದು. ಇವು ತಾಳ್ಮೆಯಿಂದ ನೀಗುವ ತೊಡಕುಗಳು. ಇದಕ್ಕಿಂತ ದೊಡ್ಡ ದೋಷವು ಬಳಸುವವರದು. ಮೂಲಸಂಕೇತವು ಮೇಲಿಂದ ಮೇಲೆ ತಿದ್ದುಪಡಿಯಾಗುತ್ತಿರುತ್ತದೆ. ಒಂದೇ ವಿನ್ಯಾಸವು ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ವಿಸ್ತೀರ್ಣವನ್ನೂ ವೇಗವನ್ನೂ ಕೊಡಬಲ್ಲುದು. ಆದುದರಿಂದ "ಯೋಸಿಸ್ ಬಳಸಲಾಯಿತು" ಎಂದಷ್ಟೇ ಬರೆದ ಪ್ರಬಂಧವು, ಯಾವ ಓಲೆಪ್ರತಿಯಿಂದ ಪಾಠವನ್ನು ತೆಗೆದುಕೊಂಡೆನೆಂದು ಹೇಳದ ಸಂಪಾದಕನ ಗ್ರಂಥದಂತೆ, ಪರೀಕ್ಷೆಗೆ ಒಳಪಡಲಾರದು.

ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯ ಚಿಪ್‌ಇನ್ ಕೇಂದ್ರವು ದೇಶದ ಅನೇಕ ವಿದ್ಯಾಸಂಸ್ಥೆಗಳಿಗೆ ಕಂಪನಿಗಳ ತಂತ್ರಾಂಶವನ್ನು ಒದಗಿಸುತ್ತಿರುವಾಗ ಈ ಶ್ರಮವೇಕೆ ಎಂದು ಆಕ್ಷೇಪಿಸಬಹುದು. ಉದ್ಯೋಗಕ್ಕೆ ಆ ಪರಿಚಯವು ಅವಶ್ಯ; 130 ನ್ಯಾನೋಮೀಟರ್ ತಯಾರಿಕೆಯೂ ಇಂದು ಹಳೆಯದೇ ಸರಿ. ಆದರೆ ಪರವಾನಗಿ ಮುಗಿದ ದಿನ ವಿದ್ಯಾರ್ಥಿಯ ಕೈ ಬರಿದಾಗುತ್ತದೆ. ಮುಕ್ತ ವಿನ್ಯಾಸಗಳನ್ನು ಚಿಪ್ಪಾಗಿ ಮಾಡಿಸಿಕೊಡುತ್ತಿದ್ದ ಅಮೆರಿಕದ ಇಫ್ಯಾಬ್ಲೆಸ್ ಕಂಪನಿಯು 2025ರಲ್ಲಿ ಮುಚ್ಚಿತು. ಮಾಡಿಸುವ ಒಂದು ದಾರಿ ಅಲ್ಲಿಗೆ ಕಟ್ಟಿತು, ದಿಟ. ಆದರೆ ಅದು ಬೆಳೆಸಿದ ಓಪನ್‌ಲೇನ್ ಅಳಿಯಲಿಲ್ಲ. ಮೂಲವು ಮುಕ್ತವಾಗಿದ್ದುದರಿಂದ ಲಿಬ್ರೆಲೇನ್ ಎಂಬ ಹೆಸರಿನಿಂದ ಬೇರೆಯವರು ಅದನ್ನು ಮುಂದುವರಿಸಿದರು. ಮಠವು ಹಾಳಾದರೂ ಓಲೆಯು ಉಳಿಯಿತೆನ್ನಬೇಕು.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಿದ್ಯಾರ್ಥಿಗೆ ಇದರಲ್ಲಿ ವಿಶೇಷ ಲಾಭವಿದೆ. ಇಲ್ಲಿ ಪರವಾನಗಿಯ ಹಣವನ್ನು ಯಾರೂ ಕೇಳರು. ಸಿದ್ಧಪ್ರತಿಯನ್ನು ತಂದು ಸ್ಥಾಪಿಸಿಕೊಳ್ಳುವುದು ಆರಂಭಕ್ಕೆ ತಪ್ಪಲ್ಲ. ಒಮ್ಮೆಯಾದರೂ ಮೂಲದಿಂದ ಕಟ್ಟಿದವನೇ ದೋಷದ ಸಂದೇಶವನ್ನು ಓದಲು ಕಲಿಯುವನು. ಕಟ್ಟಿದ ಮೇಲೆ ಮೂಲದ ಗಿಟ್ ಗುರುತು, ಕಂಪೈಲರಿನ ಆವೃತ್ತಿ, ತಯಾರಿಕಾ ನಿಯಮಗಳ ಆವೃತ್ತಿ ಈ ಮೂರನ್ನೂ ಪ್ರಬಂಧದ ಆದಿಯಲ್ಲಿಯೇ ನಮೂದಿಸಲಿ. ಇನ್ನೊಬ್ಬನು ಬೇರೆ ಗಣಕದಲ್ಲಿ ಅದನ್ನೇ ಕಟ್ಟಿ ಫಲಿತಾಂಶವನ್ನು ಹೋಲಿಸಲಿ. ಪಾಠವನ್ನು ಪಡೆದರೆ ಸಾಲದು, ಪರಿಶೋಧಿಸಬೇಕು. ಪರಿಶೋಧನೆಯಿಲ್ಲದ ಮುಕ್ತಪಾಠಕ್ಕೂ ಮುಚ್ಚಿದ ಪೆಟ್ಟಿಗೆಗೂ ಹೆಚ್ಚಿನ ಅಂತರವಿಲ್ಲ.