ಶಬ್ದಾರ್ಥ, ವ್ಯುತ್ಪತ್ತಿ, ಪರ್ಯಾಯ: ಇಂಗ್ಲಿಷ್ ಪಾಠದ ಒಂದು ವಿಮರ್ಶೆ

ಜತ್ತ ತಾಲೂಕಿನ ಕನ್ನಡ ಶಾಲೆಯ ವಿದ್ಯಾರ್ಥಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಪಾಠದಲ್ಲಿ ಇವೆರಡರೊಡನೆ ಹಿಂದಿ, ಇಂಗ್ಲಿಷ್. ಇಂಥವನಿಗೆ ನಾವು ಇಂಗ್ಲಿಷ್ ಶಬ್ದಗಳನ್ನು ಕಲಿಸುವ ಬಗೆ ಯಾವುದು? ಒಂದು ಶಬ್ದ, ಅದರ ಮುಂದೆ ಒಂದು ಅರ್ಥ, ಬಳಿಕ ಬಾಯಿಪಾಠ. ಮಾರ್ಗದರ್ಶಿ ಪುಸ್ತಕಗಳ ಈ ಪದ್ಧತಿಯು ಪರಿಶೀಲನೆಗೆ ಯೋಗ್ಯವಾಗಿದೆ.

ಮೊದಲು ಪರ್ಯಾಯ ಶಬ್ದಗಳನ್ನು ನೋಡೋಣ. 'ಬಿಗ್', 'ಲಾರ್ಜ್', 'ಗ್ರೇಟ್' ಈ ಮೂರಕ್ಕೂ ಪಟ್ಟಿಯಲ್ಲಿ 'ದೊಡ್ಡ' ಎಂದೇ ಇರುತ್ತದೆ. ಬಸವಣ್ಣನವರು ದೊಡ್ಡವರೆಂಬುದನ್ನು ಹುಡುಗನು 'ಬಿಗ್' ಎಂದು ಬರೆದರೆ ತಪ್ಪು ಅವನದಲ್ಲ, ಪಟ್ಟಿಯದು. ಕನ್ನಡದ 'ದೊಡ್ಡ' ಎಂಬುದು ಗಾತ್ರಕ್ಕೂ ಗುಣಕ್ಕೂ ಸಲ್ಲುತ್ತದೆ. ಗುಣದ ಹಿರಿಮೆಗೆ ಇಂಗ್ಲಿಷಿನಲ್ಲಿ 'ಗ್ರೇಟ್' ಬೇಕು. ಪರ್ಯಾಯವೆಂದರೆ ಒಂದರ ಸ್ಥಾನದಲ್ಲಿ ಎಲ್ಲಿಯಾದರೂ ಇನ್ನೊಂದನ್ನು ಕೂಡ್ರಿಸುವುದಲ್ಲ.

ಇನ್ನು ಅರ್ಥ. 'ನಾವೆಲ್' ಎಂಬುದಕ್ಕೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ಕಾದಂಬರಿ' ಎನ್ನುತ್ತಾರೆ. ಬಾಣಭಟ್ಟನ ಕೃತಿಯ ಹೆಸರೇ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಹಿಂದಿಯವರು ಅದನ್ನೇ 'ಉಪನ್ಯಾಸ' ಎನ್ನುತ್ತಾರೆ. ಆದರೆ ನಮಗೆ ಉಪನ್ಯಾಸವೆಂದರೆ ಭಾಷಣ! ಗಡಿನಾಡಿನ ಶಿಕ್ಷಕನು ಈ ಭೇದವನ್ನು ಮೊದಲೇ ತಿಳಿಸದಿದ್ದರೆ ಮಗುವಿಗೆ ಗೊಂದಲ ತಪ್ಪದು.

ಮೂರನೆಯದು ವ್ಯುತ್ಪತ್ತಿ. ಸಂಸ್ಕೃತದ 'ಶರ್ಕರಾ' ಎಂಬುದು ಪಾರ್ಸಿ, ಅರಬ್ಬಿ ಭಾಷೆಗಳನ್ನು ಹಾಯ್ದು ಯುರೋಪಿಗೆ ಹೋಗಿ ಇಂಗ್ಲಿಷಿನಲ್ಲಿ 'ಶುಗರ್' ಆಯಿತು. ಅದೇ ಶಬ್ದವು ದಕ್ಷಿಣ ಭಾರತದ ನುಡಿಗಳಿಂದ ಪೋರ್ಚುಗೀಸರ ಬಾಯಿಗೆ ಬಂದು 'ಜ್ಯಾಗರಿ' ಆಯಿತು. ನಮ್ಮ 'ಸಕ್ಕರೆ'ಯೂ ಅದರ ತದ್ಭವವೇ. 'ಖಂಡ'ದಿಂದ 'ಕ್ಯಾಂಡಿ' ಬಂದಿತು. ಸಾಂಗಲಿ ಪೇಟೆಯಲ್ಲಿ ಬೆಲ್ಲದ ಪೆಂಟಿಯನ್ನು ಕಂಡ ಹುಡುಗನಿಗೆ ಇದನ್ನು ಹೇಳಿ ನೋಡಿರಿ. ಇಂಗ್ಲಿಷ್ ಪರಕೀಯವೆಂಬ ಅಂಜಿಕೆ ಅರ್ಧ ಇಳಿಯುತ್ತದೆ.

ಆದರೆ ಮೂಲವೇ ಅರ್ಥವೆಂದು ಭ್ರಮಿಸಬಾರದು. 'ನೈಸ್' ಎಂಬುದರ ಲ್ಯಾಟಿನ್ ಮೂಲಕ್ಕೆ 'ಅಜ್ಞಾನಿ' ಎಂದರ್ಥ. ಇಂದು ಅದು ಮೆಚ್ಚುಗೆಯ ಮಾತು. ಮೂಲವು ಶಬ್ದದ ಚರಿತ್ರೆಯನ್ನು ಹೇಳುತ್ತದೆ, ಬಳಕೆಯು ಅರ್ಥವನ್ನು ನಿರ್ಣಯಿಸುತ್ತದೆ.

ಸಾಧನಗಳು ನಮಗಿಲ್ಲವೆಂದಲ್ಲ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ಪ್ರಕಟವಾಯಿತು. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು, 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದವು. ಮೊದಲಿನದರಲ್ಲಿ ಭಾರತದಿಂದ ಇಂಗ್ಲಿಷಿಗೆ ಹೋದ ಶಬ್ದಗಳ ಕಥೆಯಿದೆ. ಕಿಟ್ಟೆಲ್ಲರಲ್ಲಿ ಕನ್ನಡ ಶಬ್ದಗಳ ಸೋದರ ರೂಪಗಳಿವೆ. ಮೈಸೂರಿನದರಲ್ಲಿ ಒಂದೇ ಶಬ್ದದ ಹಲವು ಅರ್ಥಗಳಿವೆ. ಇವು ಕಪಾಟಿನಲ್ಲಿದ್ದು ಮಾರ್ಗದರ್ಶಿಯೊಂದೇ ಮೇಜಿನ ಮೇಲಿದ್ದರೆ ದೋಷ ನಮ್ಮದೇ.

ದಿನಕ್ಕೆ ಹತ್ತು ಶಬ್ದಗಳ ಪಟ್ಟಿಗಿಂತ ಎರಡು ಶಬ್ದಗಳನ್ನು ಅರ್ಥ, ಮೂಲ, ಪರ್ಯಾಯ, ವಾಕ್ಯಪ್ರಯೋಗಗಳೊಡನೆ ಕಲಿಸುವುದು ಲೇಸು. ನಾಲ್ಕು ಭಾಷೆಗಳು ಮಗುವಿನ ತಲೆಯ ಮೇಲಿನ ಹೊರೆಯಾಗಬೇಕೋ ಕೈಯೊಳಗಿನ ದೀಪವಾಗಬೇಕೋ ಎಂಬುದು ಶಿಕ್ಷಕ ಬಂಧುಗಳ ಕೈಯಲ್ಲಿಯೇ ಇದೆ.